ದಾಳಿಂಬೆ ಸೊರಗಿಗೆ ಕಾರಣ ಯಾವ ಶಿಲೀಂಧ್ರ?

ಸೊರಗು ರೋಗ ಬಂದ ದಾಳಿಂಬೆಯಲ್ಲಿ ಮೊದಲು ಒಂದೆರಡು ಕೊಂಬೆಗಳ ಎಲೆ ಮಾತ್ರ ಹಳದಿಯಾಗುತ್ತದೆ. ಪಕ್ಕದ ಕೊಂಬೆಯಲ್ಲಿ ಕಾಯಿ ಚೆನ್ನಾಗಿಯೇ ಇರುತ್ತದೆ. ನೀರು ಸಾಲುತ್ತಿಲ್ಲವೇನೋ ಎಂದು ಡ್ರಿಪ್ ಜಾಸ್ತಿ ಬಿಟ್ಟರೂ ಪ್ರಯೋಜನವಿಲ್ಲ. ಕೊನೆಗೆ ಇಡೀ ಗಿಡ ಒಣಗುತ್ತದೆ. ಆಮೇಲೆ ಅದೇ ಸಾಲಿನ ಮುಂದಿನ ಗಿಡ.

ಇದು ಮೊದಲು ಕಣ್ಣಿಗೆ ಬಿದ್ದದ್ದು 1990ರ ಸುಮಾರಿಗೆ, ಆಗಿನ ಬಿಜಾಪುರ ಜಿಲ್ಲೆಯ ಎರಡು ಕಡೆ. ಬಾಗಲಕೋಟೆ ಇನ್ನೂ ಅದೇ ಜಿಲ್ಲೆಯೊಳಗಿದ್ದ ಕಾಲ. 1993ರ ಹೊತ್ತಿಗೆ ರೋಗ ಜೋರಾಗಿ ಹಬ್ಬಿತ್ತು. ಕಾರಣ ಗೊತ್ತಾದದ್ದು ಮಾತ್ರ 1996ರಲ್ಲಿ. ಸೊರಗಿದ ಗಿಡಗಳ ಬೇರು, ಕಾಂಡ, ಕೊಂಬೆಗಳಲ್ಲಿ ಸೆರಟೊಸಿಸ್ಟಿಸ್ ಫಿಂಬ್ರಿಯಾಟಾ ಎಂಬ ಶಿಲೀಂಧ್ರ ಸಿಕ್ಕಿತು. ದೇಶದ ಮಟ್ಟಿಗೆ ಇದು ದಾಳಿಂಬೆಯ ಹೊಸ ರೋಗ ಎಂದು 1999ರಲ್ಲಿ ಪ್ರಕಟವಾಯಿತು.

ಇದನ್ನು ಹಿಡಿಯುವುದು ಸುಲಭವಲ್ಲ. ಫ್ಯುಸೇರಿಯಂ ಶಿಲೀಂಧ್ರ, ಬೇರುಗಂಟು ಜಂತುಹುಳು, ಕಾಂಡದಲ್ಲಿ ಸಣ್ಣ ತೂತು ಕೊರೆಯುವ ದುಂಬಿ, ಇವೆಲ್ಲ ಇದ್ದರೂ ಗಿಡ ಸೊರಗುತ್ತದೆ. ಹೊರಗಿನಿಂದ ನೋಡಿದರೆ ಹೆಚ್ಚುಕಡಿಮೆ ಒಂದೇ ಥರ. ಕಾಂಡವನ್ನು ಉದ್ದಕ್ಕೆ ಸೀಳಿದಾಗ ಕಟ್ಟಿಗೆಯೊಳಗೆ ಬೂದು ಮಿಶ್ರಿತ ಕಂದು ಗೆರೆ ಕಂಡರೆ ಅನುಮಾನ ಗಟ್ಟಿಯಾಗುತ್ತದೆ. ಪ್ರಯೋಗಾಲಯದಲ್ಲಿ ಇದಕ್ಕೊಂದು ಹಳೆಯ ಉಪಾಯವಿದೆ: ಆ ಕಟ್ಟಿಗೆಯ ಚೂರನ್ನು ಎರಡು ಗಜ್ಜರಿ ಬಿಲ್ಲೆಗಳ ನಡುವೆ ಇಟ್ಟು ತೇವ ಆರದಂತೆ ಮುಚ್ಚಿಡುತ್ತಾರೆ. ಒಂದು ವಾರ, ಹತ್ತು ದಿನದಲ್ಲಿ ಗಜ್ಜರಿಯ ಮೇಲೆ ಕಪ್ಪು ಗುಂಡುಗಳು ಏಳುತ್ತವೆ. ಒಂದೊಂದಕ್ಕೂ ಕೂದಲೆಳೆಯಂಥ ಉದ್ದ ಕತ್ತು. ಅದರ ತುದಿಯಲ್ಲಿ ಬೀಜಕಣಗಳ ಅಂಟು ಹನಿ.

ಇಷ್ಟರಿಂದ ಶಿಲೀಂಧ್ರದ ಕುಲ, ಅಂದರೆ ಹತ್ತಿರದ ಪ್ರಭೇದಗಳ ಗುಂಪು, ಗೊತ್ತಾಗುತ್ತದೆ. ಯಾವ ಪ್ರಭೇದ ಎಂಬ ಪೂರ್ತಿ ಗುರುತು ಸಿಗುವುದಿಲ್ಲ. ಈ ಶಿಲೀಂಧ್ರಕ್ಕೆ ಹೆಸರಿಟ್ಟದ್ದು 1890ರಲ್ಲಿ, ಅಮೆರಿಕದ ಗೆಣಸಿನ ಕಪ್ಪು ಕೊಳೆಯಲ್ಲಿ ಕಂಡಾಗ. ಆಮೇಲೆ ಕೋಕೋ, ಕಾಫಿ, ಮಾವು, ನೀಲಗಿರಿ ಹೀಗೆ ಎಷ್ಟೋ ಮರಗಳ ರೋಗಕ್ಕೆ ಇದೇ ಹೆಸರು ಅಂಟಿತು. ಡಿಎನ್‌ಎ ಓದಲು ಶುರುವಾದ ಮೇಲೆ ಆ ಒಂದು ಹೆಸರಿನಡಿ ಹಲವು ಪ್ರಭೇದಗಳಿದ್ದದ್ದು ತಿಳಿಯಿತು. ಕೋಕೋದ್ದು ಬೇರೆ ಆಯಿತು. ಒಮಾನ್, ಪಾಕಿಸ್ತಾನಗಳಲ್ಲಿ ಮಾವು ಒಣಗಿಸಿದ್ದಕ್ಕೆ 2007ರಲ್ಲಿ ಬೇರೆ ಹೆಸರು ಬಂತು. ಅದು ನಿಜಕ್ಕೂ ಬೇರೆಯೇ ಎಂಬ ವಾದ ಆಮೇಲೂ ನಡೆಯಿತು.

ಶಿಲೀಂಧ್ರ ಗುರುತಿಸಲು ಸಾಮಾನ್ಯವಾಗಿ ಐಟಿಎಸ್ ಎಂಬ ಸಣ್ಣ ಡಿಎನ್‌ಎ ಭಾಗವನ್ನು ಓದುತ್ತಾರೆ. 2012ರಿಂದ ಅದೇ ಎಲ್ಲರೂ ಒಪ್ಪಿದ ಗುರುತು. ಆದರೆ ಈ ಗುಂಪಿನಲ್ಲಿ ಒಂದೇ ಶಿಲೀಂಧ್ರದೊಳಗೆ ಎರಡು ಥರದ ಐಟಿಎಸ್ ಸಿಕ್ಕಿವೆ. ಅದೊಂದನ್ನೇ ನಂಬಿ ಹೊಸ ಹೆಸರು ಇಟ್ಟರೆ ತಪ್ಪಾಗುತ್ತದೆ. ಹಾಗಾಗಿ ಇಡೀ ಜೀನೋಮ್, ಅಂದರೆ ಶಿಲೀಂಧ್ರದ ಪೂರ್ತಿ ಡಿಎನ್‌ಎ, ಓದಬೇಕಾಗುತ್ತದೆ. 2013ರಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದ ತಂಡ ಈ ಶಿಲೀಂಧ್ರದ ಕರಡು ಜೀನೋಮ್ ಹೊರತಂದಿತು: ಸುಮಾರು 2.9 ಕೋಟಿ ಡಿಎನ್‌ಎ ಅಕ್ಷರ, 7,200ಕ್ಕೂ ಜಾಸ್ತಿ ಜೀನ್. ಅದು ಗೆಣಸಿನಿಂದ ತೆಗೆದದ್ದು. ನಮ್ಮ ದಾಳಿಂಬೆಯ ಶಿಲೀಂಧ್ರವನ್ನು ಅದರ ಜೊತೆ ಹೋಲಿಸಿದರೆ ಎಷ್ಟು ಹತ್ತಿರ, ಎಷ್ಟು ದೂರ ಎಂದು ತಿಳಿಯುತ್ತದೆ.

ರೈತರಿಗೆ ಇದರಿಂದ ಏನು ಸಿಗುತ್ತದೆ? ಎರಡು ಊರಿನ ತೋಟಗಳಲ್ಲಿ ಒಂದೇ ತಳಿಯ ಶಿಲೀಂಧ್ರವಿದ್ದರೆ ಅದು ಸಸಿಯ ಜೊತೆ ಬಂದಿರುವ ಸಾಧ್ಯತೆ ಜಾಸ್ತಿ. ದಾಳಿಂಬೆ ಸಸಿ ಮಾಡುವುದು ಗೂಟಿ ಕಟ್ಟಿ, ಅಂದರೆ ತಾಯಿ ಗಿಡದ ಕೊಂಬೆಗೇ ಬೇರು ಬರಿಸಿ ಕತ್ತರಿಸಿ, ಅಲ್ವಾ? ತಾಯಿ ಗಿಡದಲ್ಲಿ ರೋಗವಿದ್ದರೆ ಅದು ಗೂಟಿಯಲ್ಲೇ ಹೊಸ ಹೊಲಕ್ಕೆ ಬರಬಹುದು. ಈ ಶಿಲೀಂಧ್ರದ ಡಿಎನ್‌ಎಯನ್ನಷ್ಟೇ ಹುಡುಕಿ ಹೆಚ್ಚಿಸಿ ತೋರಿಸುವ ಪಿಸಿಆರ್ ಪರೀಕ್ಷೆ ಇದ್ದರೆ, ಎಲೆ ಹಳದಿಯಾಗುವ ಮೊದಲೇ ಪತ್ತೆ ಮಾಡಬಹುದು. ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಗಡಿಯಾಚೆ ಸೊಲ್ಲಾಪುರದಲ್ಲಿ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ನರ್ಸರಿಗಳ ತಾಯಿ ಗಿಡಗಳನ್ನು ಹೀಗೆ ಪರೀಕ್ಷಿಸಿ, ರೋಗವಿಲ್ಲ ಎಂಬ ಚೀಟಿ ಇಲ್ಲದೆ ಸಸಿ ಮಾರಬಾರದು ಎಂಬ ನಿಯಮ ಬರಬೇಕು.