ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ ವಿಟಮಿನ್ ಸಿ ಸೀರಂ ಹಚ್ಚಬಹುದೇ?

ಪ್ರಶ್ನೆ: ಎರಡು ತಿಂಗಳ ಹಿಂದೆ 30 ಮಿ.ಲೀ. ವಿಟಮಿನ್ ಸಿ ಸೀರಂ ತರಿಸಿದ್ದೆ. ಆಗ ನೀರಿನಂತಿತ್ತು, ಈಗ ಡಿಕಾಕ್ಷನ್ ಥರ ಆಗಿದೆ. ಅರ್ಧ ಬಾಟಲಿ ಹಾಗೇ ಉಳಿದಿದೆ, ಚೆಲ್ಲಲು ಮನಸ್ಸು ಬರ್ತಿಲ್ಲ. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತಾ? (ಓದುಗರೊಬ್ಬರು, ಚಿಂತಾಮಣಿ)

ಉತ್ತರ: ಸರಿಹೋಗುವುದಿಲ್ಲ, ಹಚ್ಚಲೂಬೇಡಿ. ಫ್ರಿಜ್ ಕೆಡುವುದನ್ನು ನಿಧಾನ ಮಾಡುತ್ತದೆ ಅಷ್ಟೆ, ಕೆಟ್ಟದ್ದನ್ನು ರಿಪೇರಿ ಮಾಡುವುದಿಲ್ಲ.

ನಿಮ್ಮ ಬಾಟಲಿಯಲ್ಲಿದ್ದದ್ದು ಬಹುಶಃ ಎಲ್-ಆಸ್ಕಾರ್ಬಿಕ್ ಆಸಿಡ್, ಅಂದರೆ ಅಸಲಿ ವಿಟಮಿನ್ ಸಿ. ಹೆಚ್ಚಿದ ಬದನೆಕಾಯಿ ಕಪ್ಪಾಗದಿರಲಿ ಎಂದು ನೀರಿಗೆ ನಿಂಬೆಹಣ್ಣು ಹಿಂಡುತ್ತೇವಲ್ಲ, ಅಲ್ಲಿ ನಿಂಬೆಯ ಹುಳಿಯ ಜೊತೆಗೆ ವಿಟಮಿನ್ ಸಿ ಕೂಡ ಆಮ್ಲಜನಕಕ್ಕೆ ತಾನೇ ಎದೆಯೊಡ್ಡಿ ಬದನೆಯನ್ನು ಕಾಯುತ್ತದೆ. ಚರ್ಮದಲ್ಲೂ ಅದರ ಮುಖ್ಯ ಕೆಲಸ ಇದೇ. ಆ ಕೆಲಸವನ್ನು ಬಾಟಲಿಯೊಳಗೇ ಮಾಡಿ ಮುಗಿಸಿದರೆ ಮುಖಕ್ಕೆ ಏನೂ ಉಳಿಯುವುದಿಲ್ಲ. ಗಾಳಿ ತಗುಲಿದಾಗ ಅದು ಮೊದಲು ಡಿಹೈಡ್ರೋಆಸ್ಕಾರ್ಬಿಕ್ ಆಸಿಡ್ ಆಗುತ್ತದೆ. ಆಮೇಲೆ ಡೈಕೀಟೋಗುಲೋನಿಕ್ ಆಸಿಡ್ ಆಗಿ ಒಡೆಯುತ್ತದೆ, ಅಲ್ಲಿಂದ ವಾಪಸ್ ದಾರಿಯಿಲ್ಲ. ಹೀಗೆ ಒಡೆಯುತ್ತ ಹೋದಾಗ ಹುಟ್ಟುವ ವಸ್ತುಗಳಲ್ಲಿ ಎರಿಥ್ರುಲೋಸ್ ಒಂದು. ಬಿಸಿಲಿಗೆ ಹೋಗದೆಯೇ ಮೈಬಣ್ಣ ಕಂದಾಗಿಸುವ ಕ್ರೀಮುಗಳಿಗೆ ಹಾಕುವ ವಸ್ತು ಅದು. ಹಳೇ ಸೀರಂ ಹಚ್ಚಿದವರ ಬೆರಳ ತುದಿ, ಉಗುರಿನ ಸಂದು, ದಿಂಬಿನ ಕವರು ಕೇಸರಿ ಬಣ್ಣಕ್ಕೆ ತಿರುಗುವುದು ಇದಕ್ಕೇ. ಮುಖ ಬೆಳ್ಳಗಾಗಲಿ ಎಂದು ಹಚ್ಚಿ ಕಂದು ಮಾಡಿಕೊಂಡಂತೆ! ಮೊಣಕೈಗೋ ಹಿಮ್ಮಡಿಗೋ ಹಚ್ಚಿ ಮುಗಿಸೋಣ ಅನ್ನುವುದೂ ಬೇಡ.

ಬಣ್ಣ ನೋಡಿ ಹೇಳುವುದಾದರೆ, ನೀರಿನ ಬಣ್ಣ ಅಥವಾ ತೆಳು ಹುಲ್ಲಿನ ಹಳದಿ ಇದ್ದರೆ ಧೈರ್ಯವಾಗಿ ಬಳಸಿ. ಹಳದಿ ಗಾಢವಾಗುತ್ತಿದ್ದರೆ ಶಕ್ತಿ ಇಳಿಯುತ್ತಿದೆ, ಬೇಗ ಮುಗಿಸಿ. ಕಿತ್ತಳೆ, ಕಂದು ಎಂದರೆ ಕಸಕ್ಕೆ. ಆದರೆ ಕೆಲವು ಸೀರಂ ಅಂಗಡಿಯಿಂದ ಬರುವಾಗಲೇ ಬಣ್ಣವಾಗಿರುತ್ತವೆ. ಹಾಗಾಗಿ ಮುಚ್ಚಳ ತೆಗೆದ ದಿನ ಬಿಳಿ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆದಿಡಿ, ಬಾಟಲಿಗೆ ಟೇಪ್ ಅಂಟಿಸಿ ತಾರೀಖು ಬರೆಯಿರಿ. ಕಂದು ಗಾಜಿನ ಬಾಟಲಿಯಲ್ಲಿ ಒಳಗಿನ ಬಣ್ಣ ಕಾಣುವುದೇ ಇಲ್ಲ.

ಈಗ ಅಸಲು ತಪ್ಪಿಗೆ ಬರೋಣ. ನಮ್ಮ ಪ್ರಕಾರ ನಿಮ್ಮ ತಪ್ಪು ಇಟ್ಟ ಜಾಗಕ್ಕಿಂತ ಮೊದಲು ಕೊಂಡ ಅಳತೆಯಲ್ಲಿದೆ. ಡ್ರಾಪರಿನ ಸುಮಾರು 20 ಹನಿ ಸೇರಿದರೆ 1 ಮಿ.ಲೀ. ಆಗುತ್ತದೆ. 30 ಮಿ.ಲೀ. ಅಂದರೆ 600 ಹನಿ. ಮುಖಕ್ಕೆ ದಿನಕ್ಕೆ 4 ಹನಿ ಸಾಕು, ಅಂದರೆ 150 ದಿನ, ಐದು ತಿಂಗಳು. ತೆರೆದ ಎಲ್-ಆಸ್ಕಾರ್ಬಿಕ್ ಸೀರಂ ಚೆನ್ನಾಗಿ ಇಟ್ಟರೂ ಮೂರು ತಿಂಗಳೊಳಗೆ ಮುಗಿಸಬೇಕಾದದ್ದು. ಲೆಕ್ಕ ಹೇಗೂ ಕೂಡುವುದಿಲ್ಲ. ಸಾಲದ್ದಕ್ಕೆ ಬಾಟಲಿ ಖಾಲಿಯಾದಷ್ಟೂ ಒಳಗೆ ಗಾಳಿ ತುಂಬಿಕೊಳ್ಳುತ್ತದೆ, ಕೊನೆಯ ಅರ್ಧ ಮೊದಲರ್ಧಕ್ಕಿಂತ ಬೇಗ ಕೆಡುತ್ತದೆ. ಒಬ್ಬರೇ ಬಳಸುವವರು 15 ಮಿ.ಲೀ. ತೆಗೆದುಕೊಳ್ಳಿ, ಎರಡೂವರೆ ತಿಂಗಳಿಗೆ ಮುಗಿಯುತ್ತದೆ. ದೊಡ್ಡ ಬಾಟಲಿ ಅಗ್ಗ ಅನ್ನುವುದು ಶೇಂಗಾ ಎಣ್ಣೆಗೆ ಸರಿ, ಇದಕ್ಕಲ್ಲ.

ಇಡುವ ಜಾಗ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ದಾಟುವುದು ಹೊಸದೇನಲ್ಲ, ಶೀಟು ಹೊದಿಸಿದ ಮನೆಯೊಳಗಂತೂ ಕೇಳಲೇಬೇಡಿ. ಬಚ್ಚಲುಮನೆಯ ಗೂಡು ಎಲ್ಲಕ್ಕಿಂತ ಕೆಟ್ಟ ಜಾಗ, ಹಂಡೆಯ ಹಬೆ ದಿನಾ ತಾಗುತ್ತದೆ. ಕನ್ನಡಿ ಪಕ್ಕದ ಕಿಟಕಿಯೂ ಬೇಡ. ಫ್ರಿಜ್ ಇದ್ದರೆ ಬಾಗಿಲಿನಲ್ಲಿ ಅಲ್ಲ, ಒಳಗಿನ ಮಧ್ಯದ ತಟ್ಟಿನಲ್ಲಿ ಹಿಂದಕ್ಕೆ, ರಟ್ಟಿನ ಡಬ್ಬಿಯ ಸಮೇತ ನೆಟ್ಟಗೆ ನಿಲ್ಲಿಸಿ. ಬಾಗಿಲು ದಿನಕ್ಕೆ ಇಪ್ಪತ್ತು ಸಲ ತೆರೆದು ಬಿಸಿಯಾಗುತ್ತದೆ. ಫ್ರೀಜರ್ ಬೇಡ. ಮಕ್ಕಳಿರುವ ಮನೆಯಲ್ಲಿ ಮೇಲಿನ ತಟ್ಟು. ಫ್ರಿಜ್ ಇಲ್ಲದವರು ಬೀರುವಿನ ಕೆಳಗಿನ ಖಾನೆಯಲ್ಲಿಡಿ, ಆದರೆ ಮೂರು ತಿಂಗಳ ಲೆಕ್ಕ ಬಿಟ್ಟು ಬಣ್ಣವನ್ನು ವಾರಕ್ಕೊಮ್ಮೆ ನೋಡುತ್ತಿರಿ.

ಇನ್ನೊಂದು ಸೂಕ್ಷ್ಮ. ಕಬ್ಬಿಣ ಮತ್ತು ತಾಮ್ರದ ಅಂಶ ಚೂರೇ ಚೂರು ಸೇರಿದರೂ ವಿಟಮಿನ್ ಸಿ ಬೇಗ ಒಡೆಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಮುಖ ತೊಳೆದು, ಒದ್ದೆ ಕೆನ್ನೆಗೆ ಡ್ರಾಪರ್ ತಾಗಿಸಿ, ಅದನ್ನೇ ಮತ್ತೆ ಬಾಟಲಿಗೆ ಅದ್ದಿದರೆ ಆ ನೀರೂ ಒಳಗೆ ಹೋಯಿತು. ಡ್ರಾಪರ್ ಎಲ್ಲಿಗೂ ತಾಗಬಾರದು. ಒಣಗಿದ ಅಂಗೈಗೆ ಹನಿ ಬಿಟ್ಟು ತಕ್ಷಣ ಮುಚ್ಚಳ ಬಿಗಿಮಾಡಿ, ಆಮೇಲೆ ಹಚ್ಚಿಕೊಳ್ಳಿ. ಹಚ್ಚಿಕೊಂಡು ಮುಗಿಯುವವರೆಗೆ ಬಾಟಲಿ ಬಾಯಿ ತೆರೆದಿಡುವವರೇ ಹೆಚ್ಚು.

ಹಚ್ಚುವುದು ಬೆಳಗ್ಗೆ. ಫೇಸ್‌ವಾಶ್‌ನಲ್ಲಿ ತೊಳೆದು, ಟವೆಲಿನಿಂದ ಉಜ್ಜದೆ ಒತ್ತಿ ಪೂರ್ತಿ ಒಣಗಿಸಿ. 4 ಹನಿ, ಕಣ್ಣಿನ ಸುತ್ತ ಮತ್ತು ಮೂಗಿನ ಮಡಿಕೆ ಬಿಟ್ಟು. ಎರಡು ನಿಮಿಷ ಬಿಟ್ಟು ಮಾಯಿಶ್ಚರೈಸರ್, ಮೇಲೆ ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಎರಡು ಬೆರಳುದ್ದ. ಬಂಗಾರಪೇಟೆಯಿಂದ ಬೆಳಗಿನ ರೈಲು ಹಿಡಿಯುವವರಿಗೆ ಇಷ್ಟಕ್ಕೆಲ್ಲ ಪುರುಸೊತ್ತಿಲ್ಲದಿದ್ದರೆ ಆ ದಿನ ಸೀರಂ ಬಿಡಿ, ಸನ್‌ಸ್ಕ್ರೀನ್ ಬಿಡಬೇಡಿ. ಸೀರಂ ಒಂದು ದಿನ ತಪ್ಪಿದರೆ ನಷ್ಟವಿಲ್ಲ. 2001ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಶೆಲ್ಡನ್ ಪಿನೆಲ್ ತಂಡ ಹಂದಿಯ ಚರ್ಮದ ಮೇಲೆ ಪರೀಕ್ಷಿಸಿದಾಗ, ಒಳಸೇರಿದ ವಿಟಮಿನ್ ಸಿ ಅರ್ಧಕ್ಕೆ ಇಳಿಯಲು ಸುಮಾರು 4 ದಿನ ಹಿಡಿದಿತ್ತು. ಸೀರಂನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3.5ಕ್ಕಿಂತ ಕಡಿಮೆ ಇದ್ದರೇ ಅದು ಒಳಗಿಳಿಯುವುದು, ಸೀರಂನಲ್ಲಿ ವಿಟಮಿನ್ ಸಿ ಪ್ರಮಾಣ ಶೇ. 20 ದಾಟಿದರೆ ಹೀರುವಿಕೆ ಹೆಚ್ಚುವುದಿಲ್ಲ ಎಂಬುದೂ ಅಲ್ಲೇ ಕಂಡದ್ದು. ಶೇ. 30 ಎಂದು ಬರೆದದ್ದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಹೊಸಬರು ಶೇ. 10ರಿಂದ ಶುರುಮಾಡಿ, ಮೊದಲು ಮೂರು ದಿನ ಮೊಣಕೈ ಒಳಬದಿಗೆ ಹಚ್ಚಿ ನೋಡಿ.

ಅಷ್ಟು ಹುಳಿಯಾದ್ದರಿಂದ ಒಂದು ನಿಮಿಷ ಚುರುಚುರು ಅನ್ನುವುದು ಸಹಜ. ಉರಿ ನಿಲ್ಲದೆ ಕೆಂಪೇರಿದರೆ ತೊಳೆದುಬಿಡಿ. ಮೊಡವೆಗೆ ಬೆನ್ಜಾಯಿಲ್ ಪೆರಾಕ್ಸೈಡ್ ಹಚ್ಚುವವರು ಅದನ್ನು ರಾತ್ರಿಗೆ ಇಟ್ಟುಕೊಳ್ಳಿ, ಅದರ ಜೊತೆ ಸೇರಿದರೆ ವಿಟಮಿನ್ ಸಿ ಕೆಡುತ್ತದೆ. ವಿಟಮಿನ್ ಎ ಬಗೆಯ ರೆಟಿನಾಲ್ ಹಚ್ಚುವವರಿದ್ದರೆ ಅದೂ ರಾತ್ರಿಗೇ.

ಸೀರಂ ಬದಲು ನಿಂಬೆರಸ ಹಚ್ಚುವ ಯೋಚನೆ ಬೇಡವೇ ಬೇಡ. 100 ಗ್ರಾಂ ರಸದಲ್ಲಿ ವಿಟಮಿನ್ ಸಿ ಇರುವುದು 50 ಮಿಲಿಗ್ರಾಂ ಆಸುಪಾಸು, ಅಂದರೆ ಶೇ. 0.05. ಮೇಲಾಗಿ ನಿಂಬೆಯಲ್ಲಿರುವ ಸೊರಾಲೆನ್ ಬಿಸಿಲಿಗೆ ಸೇರಿ ಸುಟ್ಟಂಥ ಕಲೆ ಬೀಳಿಸುತ್ತದೆ. ಚೀಪುವ ವಿಟಮಿನ್ ಸಿ ಮಾತ್ರೆ ಅರೆದು ರೋಸ್‌ವಾಟರಿಗೆ ಕಲಸಿದರೂ ಮುಖಕ್ಕೆ ಹೋಗುವುದು ಸಕ್ಕರೆ, ಬಣ್ಣವೇ ಜಾಸ್ತಿ.

ಸರಿ ಇಟ್ಟು ದಿನಾ ಹಚ್ಚಿದರೂ ಮೊಡವೆ ಕಲೆ ತಿಳಿಯಾಗಲು ಎರಡು ಮೂರು ತಿಂಗಳು ಬೇಕು. ಭಂಗು ಇದೊಂದರಿಂದಲೇ ಹೋಗುವುದಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಿ.

ಮತ್ತೆ ಕೊಳ್ಳುವಾಗ, ಇಷ್ಟೆಲ್ಲ ಜೋಪಾನ ಆಗದು ಅನ್ನಿಸಿದರೆ ಪದಾರ್ಥಗಳ ಪಟ್ಟಿಯಲ್ಲಿ ಈಥೈಲ್ ಆಸ್ಕಾರ್ಬಿಕ್ ಆಸಿಡ್ ಅಥವಾ ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್ ಇರುವುದನ್ನು ಹುಡುಕಿ. ಅಸಲಿಯಷ್ಟು ಚುರುಕಲ್ಲ, ಆದರೆ ಸೆಕೆಗೆ ಅಷ್ಟು ಬೇಗ ಸೋಲುವುದಿಲ್ಲ. ಯಾವುದೇ ಆದರೂ ತಯಾರಾದ ತಿಂಗಳು ನೋಡಿ ಕೊಳ್ಳಿ. ಆನ್‌ಲೈನಲ್ಲಿ ತರಿಸಿದರೆ ಪಾರ್ಸೆಲ್ ಬಂದ ದಿನವೇ ಬಿಚ್ಚಿ ಹನಿ ಬಿಟ್ಟು ನೋಡಿ. ಬೇಸಿಗೆಯಲ್ಲಿ ಗಾಡಿಯೊಳಗೇ ಕಂದಾಗಿ ಬಂದಿದ್ದರೆ ವಾಪಸ್ ಕಳಿಸಲು ಇನ್ನೂ ಸಮಯವಿರುತ್ತದೆ.