ಬುಡದಿಂದ ಓದಿ: ನಾರ್ವೆಯ ಕಂಬದ ಚರ್ಚುಗಳು, ಸ್ವೀಡನ್ನಿನ ಸುಣ್ಣದ ಚಿತ್ರಗಳು

ಉತ್ತರ ಯುರೋಪಿನ ಮಧ್ಯಯುಗದ ಚರ್ಚುಗಳನ್ನು ಓದಲು ಕೂತವರ ಕಣ್ಣಿಗೆ ಮೊದಲು ಬೀಳುವುದು ಒಂದೇ ಚಿತ್ರ. ಕಪ್ಪು ಮರದ ಕಟ್ಟಡ, ಮೆಟ್ಟಿಲು ಮೆಟ್ಟಿಲಾಗಿ ಏರುವ ಕಡಿದಾದ ಚಾವಣಿಗಳು, ತುದಿಯಲ್ಲಿ ಬಾಯಿ ತೆರೆದ ಡ್ರ್ಯಾಗನ್ ತಲೆ. ನಾನೂ ಅಲ್ಲಿಂದಲೇ ಶುರುಮಾಡಿ, ನೋಟ್‌ಬುಕ್ಕಿನ ನಾಲ್ಕು ಪುಟ ಡ್ರ್ಯಾಗನ್ನುಗಳಿಗೇ ಕಳೆದೆ. ಎಂಟು ನೂರು ವರ್ಷ ಮಳೆ, ಹಿಮ ತಿಂದ ಮರ ಇನ್ನೂ ನಿಂತಿರುವುದು ಹೇಗೆ ಎಂದು ಕೇಳಿಕೊಂಡಾಗ ಆ ನಾಲ್ಕು ಪುಟದಲ್ಲಿ ಉತ್ತರ ಸಿಗಲಿಲ್ಲ. ಉತ್ತರ ಇದ್ದದ್ದು ಕಟ್ಟಡದ ಬುಡದಲ್ಲಿ. ಆದ್ದರಿಂದ ಈ ಟಿಪ್ಪಣಿಯೂ ಬುಡದಿಂದಲೇ ಮೇಲೇರುತ್ತದೆ.

ನಾರ್ವೇಜಿಯನ್ ಭಾಷೆಯಲ್ಲಿ ಇವುಗಳ ಹೆಸರು ಸ್ತಾವ್‌ಶಿರ್ಕೆ. ಸ್ತಾವ್ ಎಂದರೆ ನೆಟ್ಟಗೆ ನಿಂತ ಕಂಬ, ಶಿರ್ಕೆ ಎಂದರೆ ಚರ್ಚು. ಕ್ರೈಸ್ತ ಮತ ಅಲ್ಲಿಗೆ ಹೊಸದಾಗಿ ಬಂದ 11ನೇ ಶತಮಾನದಲ್ಲಿ ಇಂಥ ಕಂಬಗಳನ್ನು ಗುಂಡಿ ತೋಡಿ ಮಣ್ಣಿನಲ್ಲಿ ನೆಡುತ್ತಿದ್ದರು. ಮಣ್ಣೊಳಗಿನ ತುದಿ ತೇವ ಹೀರಿಕೊಂಡು ಕೊಳೆಯದೆ ಬಿಡುತ್ತದೆಯೇ? ಆ ಮೊದಲ ತಲೆಮಾರಿನ ಚರ್ಚುಗಳು ನಾರ್ವೆಯಲ್ಲಿ ಒಂದೂ ಉಳಿದಿಲ್ಲ. ಉಳಿದದ್ದು ಕಂಬಗಳಿದ್ದ ಗುಳಿಗಳು ಮಾತ್ರ. ಊರ್ನೆಸ್ ಎಂಬ ಹಳ್ಳಿಯ ಚರ್ಚಿನ ನೆಲದಡಿ ಅಗೆದಾಗ ಅಂಥ ಗುಳಿಗಳೇ ಸಿಕ್ಕವು.

12ನೇ ಶತಮಾನದ ಬಡಗಿಗಳು ಕಂಬವನ್ನು ಮಣ್ಣಿನಿಂದ ಮೇಲೆತ್ತಿದರು. ಮೊದಲು ಕಲ್ಲು ಜೋಡಿಸಿದ ತಳ. ಅದರ ಮೇಲೆ ದಪ್ಪ ತೊಲೆಗಳ ಅಡ್ಡ ಚೌಕಟ್ಟು. ತೊಲೆಗಳು ಮೂಲೆಗಳಲ್ಲಿ ಒಂದನ್ನೊಂದು ಕಚ್ಚಿಕೊಂಡು ದಾಟಿ ಹೋಗುತ್ತವೆ. ಕಂಬಗಳು ನಿಲ್ಲುವುದು ಈ ಚೌಕಟ್ಟಿನ ಮೇಲೆ. ಗೋಡೆಯ ಹಲಗೆಗಳೂ ಉದ್ದುದ್ದಕ್ಕೆ ನಿಲ್ಲುತ್ತವೆ: ಅವುಗಳ ಬುಡ ಅಡಿತೊಲೆಯ ಕಾಲುವೆಯೊಳಗೆ, ತಲೆ ಮೇಲಿನ ತೊಲೆಯ ಕಾಲುವೆಯೊಳಗೆ, ಒಂದು ಹಲಗೆಯ ತೆಳು ಅಂಚು ಪಕ್ಕದ ಹಲಗೆಯ ಸೀಳಿನೊಳಗೆ. ಹೀಗೆ ಇಡೀ ಚರ್ಚು ನೆಲಕ್ಕೆ ತಾಗದ ಒಂದು ದೊಡ್ಡ ಪೆಟ್ಟಿಗೆ.

ಈ ಪೆಟ್ಟಿಗೆಯ ದುರ್ಬಲ ಜಾಗ ಯಾವುದು? ಅಡಿತೊಲೆ. ಗೋಡೆಯ ಮೇಲೆ ಬಿದ್ದ ಮಳೆಯೆಲ್ಲ ಇಳಿದು ಸೇರುವುದು ಅಲ್ಲಿಗೇ. ಹೊರಗೆ ಸುತ್ತಲೂ ಇರುವ, ತಗ್ಗು ಚಾವಣಿಯ ಜಗುಲಿಯ ಕೆಲಸ ಇಲ್ಲಿ ಅರ್ಥವಾಗುತ್ತದೆ. ಅದು ಅಂದಕ್ಕೂ ಇರಬಹುದು, ಮೆರವಣಿಗೆಗೂ ಇರಬಹುದು, ಆದರೆ ಅಡಿತೊಲೆಗೆ ಕೊಡೆ ಹಿಡಿದಿರುವುದಂತೂ ಅದೇ. ಇನ್ನೊಂದು ರಕ್ಷಣೆ ಟಾರು. ರಸ್ತೆಗೆ ಹಾಕುವ ಡಾಂಬರನ್ನು ನೆನೆಯಬೇಡಿ. ಇದು ಪೈನ್ ಮರದ ಬೇರು, ಬೊಡ್ಡೆಗಳನ್ನು ಗಾಳಿಯಾಡದಂತೆ ಮುಚ್ಚಿ ನಿಧಾನವಾಗಿ ಸುಟ್ಟಾಗ ಇಳಿಯುವ ಮಂದ ದ್ರವ. ಇದನ್ನು ಶತಮಾನಗಳಿಂದ ಬಳಿಯುತ್ತ ಬಂದಿದ್ದಾರೆ, ಇಂದಿಗೂ ಬಳಿಯುತ್ತಾರೆ. ಚಿತ್ರಗಳಲ್ಲಿ ಕಾಣುವ ಆ ಕಪ್ಪು ಬಣ್ಣಕ್ಕೆ ಕಾರಣ ಇದು.

ಈಗ ಊರ್ನೆಸ್ ಚರ್ಚಿನ ಉತ್ತರದ ಗೋಡೆಗೆ ಬನ್ನಿ. ಸೋಗ್ನೆಫ್ಯೋರ್ಡ್ ಎಂಬ ಉದ್ದನೆಯ ಕಡಲ ಕೊಲ್ಲಿಯ ಒಂದು ಕವಲಿನ ದಂಡೆಯ ಮೇಲಿರುವ ಈ ಚರ್ಚು 1979ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿದವರು ಇದನ್ನು 1130ರ ಸುಮಾರಿನದು ಎನ್ನುತ್ತಾರೆ. ಆದರೆ ಉತ್ತರದ ಬಾಗಿಲುವಾಡ ಅದಕ್ಕಿಂತ ಹಳೆಯದು, 1070ರ ಸುಮಾರಿನದು. ಮೊದಲಿದ್ದ ಚರ್ಚನ್ನು ಬಿಚ್ಚಿದಾಗ ಆ ಬಾಗಿಲುವಾಡ, ಎರಡು ಗೋಡೆ ಹಲಗೆ, ಒಂದು ಮೂಲೆಗಂಬ, ಚಾವಣಿಯಡಿಯ ಎರಡು ತ್ರಿಕೋನ ಗೋಡೆಗಳನ್ನು ಎತ್ತಿಟ್ಟುಕೊಂಡು ಹೊಸದರಲ್ಲಿ ಕೂಡಿಸಿದ್ದಾರೆ. ಕೆಡವುವವರ ಕೈಗೂ ಆ ಕೆತ್ತನೆಯನ್ನು ಸೌದೆಗೆ ಹಾಕಲು ಮನಸ್ಸು ಬಂದಿರಲಿಕ್ಕಿಲ್ಲ.

ಬಾಗಿಲ ಎಡಬದಿಯಲ್ಲಿ ಸಿಂಹದಂತಿರುವ ನಾಲ್ಕು ಕಾಲಿನ ಪ್ರಾಣಿಯೊಂದು ಕತ್ತು ತಿರುಗಿಸಿ ಹಾವನ್ನು ಕಚ್ಚಿ ನಿಂತಿದೆ, ಹಾವು ತಿರುಗಿ ಅದನ್ನೇ ಕಚ್ಚಿದೆ. ಉಳಿದೆಡೆಯೆಲ್ಲ ಬಳ್ಳಿಯೋ ಹಾವೋ ಹೇಳಲಾಗದ ತೆಳು ದೇಹಗಳು. ದಪ್ಪದ ಎಳೆಯೊಂದು, ಸಪೂರದ ಎಳೆಯೊಂದು, ಎಂಟರ ಅಂಕಿಯಂತೆ ಸುತ್ತಿ ಸುತ್ತಿ ಹೋಗುತ್ತವೆ. ಒಂದು ಎಳೆ ಹಿಡಿದು ಬೆರಳಿನಿಂದ ಕೊನೆಯವರೆಗೆ ಹಿಂಬಾಲಿಸಿ ನೋಡಿ. ನನಗೆ ಅಚ್ಚಾದ ಚಿತ್ರದ ಮೇಲೆ ಮೂರು ಸಲ ದಾರಿ ತಪ್ಪಿತು. ವೈಕಿಂಗ್ ಕಲೆಯ ಕೊನೆಯ ಘಟ್ಟವನ್ನು ಈ ಬಾಗಿಲಿನ ಹೆಸರಿನಿಂದಲೇ ಊರ್ನೆಸ್ ಶೈಲಿ ಎಂದು ಕರೆಯುತ್ತಾರೆ. ಆ ಪ್ರಾಣಿ ಕೆಡುಕಿನೊಡನೆ ಹೋರಾಡುವ ಕ್ರಿಸ್ತನ ಸಿಂಹ ಎಂದು ಕೆಲವರು, ಹಳೆಯ ನಾರ್ಸ್ ಪುರಾಣದ ಲೋಕಾಂತ್ಯದ ಕತೆ ಎಂದು ಇನ್ನು ಕೆಲವರು. ಚರ್ಚಿನ ಬಾಗಿಲಿಗೆ ಕೆತ್ತಿಸಿದವರು ಕ್ರೈಸ್ತರು, ಕೆತ್ತಿದ ಕೈ ಕಲಿತದ್ದು ಅಜ್ಜಂದಿರ ಪ್ರಾಣಿಗಳನ್ನು. ಎರಡರಲ್ಲಿ ಒಂದನ್ನು ಆರಿಸಲೇಬೇಕೆಂಬ ಹಟ ನನಗಂತೂ ಅನಗತ್ಯವೆನಿಸುತ್ತದೆ.

ಒಳಗೆ ಹೋದರೆ ಲೋಕವೇ ಬೇರೆ. ಕಂಬಗಳ ತಲೆಯಲ್ಲಿ ದಪ್ಪ ಬೋದಿಗೆ, ಕಂಬಗಳ ನಡುವೆ ಅರ್ಧವೃತ್ತದ ಕಮಾನು. ಇದು ಕಲ್ಲಿನಲ್ಲಿ ಕಟ್ಟುವ ರೋಮನೆಸ್ಕ್, ಅಂದರೆ ದುಂಡು ಕಮಾನಿನ ಮಧ್ಯಯುಗದ ಶೈಲಿಯ, ಚರ್ಚಿನ ರೂಪ. ಕಲ್ಲಿನ ಕಮಾನು ಭಾರ ಹೊರುತ್ತದೆ. ಮರದಲ್ಲಿ ಭಾರ ಹೊರಲು ಅಡ್ಡ ತೊಲೆ ಸಾಕು, ಕಮಾನು ಇಲ್ಲಿ ಚೌಕಟ್ಟು ವಾಲದಂತೆ ಬಿಗಿ ಮಾಡುವುದಷ್ಟೇ. ದಕ್ಷಿಣದ ದೊಡ್ಡ ಚರ್ಚುಗಳನ್ನು ಕಂಡು ಬಂದವರು ಯಾರೋ, ತಮಗೆ ಗೊತ್ತಿದ್ದ ಮರದಲ್ಲಿ ಅದನ್ನೇ ಹೇಳಿಸಿದ್ದಾರೆ.

ಬೊರ್ಗುಂಡ್ ಚರ್ಚು 1180ರ ಸುಮಾರಿನದು. ಡ್ರ್ಯಾಗನ್ ತಲೆಯ ಆ ಪ್ರಸಿದ್ಧ ಚಿತ್ರ ಹೆಚ್ಚಾಗಿ ಇದರದ್ದೇ. ಒಳಗೆ ಬೆಳಕು ಬರುವುದು ಮೇಲಿರುವ ಚಿಕ್ಕ ಗುಂಡು ಕಿಂಡಿಗಳಿಂದ ಮಾತ್ರ. ಪಶ್ಚಿಮದ ಬಾಗಿಲಲ್ಲಿ ರೂನ್ ಎಂಬ ಉತ್ತರ ಯುರೋಪಿನ ಹಳೆಯ ಲಿಪಿಯ ಗೀಚುಬರಹಗಳಿವೆ. ನಾರ್ವೆಯ ರಾಜನೂ ಆಗಿದ್ದ ಸಂತ ಓಲಾವನ ಹಬ್ಬದ ಸಂಜೆ ತಾನು ಈ ರೂನುಗಳನ್ನು ಕೊರೆದೆ ಎಂದು ಒಬ್ಬ ಹೆಸರು ಸಮೇತ ಬರೆದಿಟ್ಟಿದ್ದಾನೆ. ಸ್ಮಾರಕಗಳ ಗೋಡೆಯ ಮೇಲೆ ಹೆಸರು ಕೆತ್ತುವವರನ್ನು ಬೈಯುವ ನಾವು ಇವನನ್ನು ಮಾತ್ರ ಆಧಾರವೆಂದು ಉಲ್ಲೇಖಿಸುತ್ತೇವೆ.

ಇಲ್ಲೊಂದು ಎಚ್ಚರಿಕೆ ಬೇಕು, ಪರೀಕ್ಷೆಯಲ್ಲಿ ಹಲವರು ಎಡವುವುದು ಇಲ್ಲಿಯೇ. ಓಸ್ಲೋದ ಬಯಲು ವಸ್ತುಸಂಗ್ರಹಾಲಯದಲ್ಲಿರುವ ಗೋಲ್ ಚರ್ಚು ನೋಡಲು ಬೊರ್ಗುಂಡಿನ ತಮ್ಮನಂತಿದೆ. ಹಾಗಾದರೆ ಇಬ್ಬರೂ ಒಂದೇ ಮಾದರಿ ಎಂದು ಬರೆದುಬಿಡುತ್ತೇವೆ. ಆದರೆ ಗೋಲ್ ಚರ್ಚನ್ನು 1884ರ ಸುಮಾರಿಗೆ ಬಿಚ್ಚಿ, ರಾಜ 2ನೇ ಆಸ್ಕರನ ಹಣದಿಂದ ಓಸ್ಲೋಗೆ ಸಾಗಿಸಿ ಕಟ್ಟಿದಾಗ, ಕಳೆದುಹೋಗಿದ್ದ ಹೊರಭಾಗವನ್ನು ಬೊರ್ಗುಂಡನ್ನು ನೋಡಿಯೇ ಹೊಸದಾಗಿ ಮಾಡಿದರು. ಒಳಗಿನ ಕಂಬಗಳು ಮಧ್ಯಯುಗದವು, ಹೊರಗಿನ ಜಗುಲಿ 19ನೇ ಶತಮಾನದ್ದು. ಹೊಪ್ಪರ್‌ಸ್ಟಾಡ್ ಚರ್ಚಿನ ಜೀರ್ಣೋದ್ಧಾರಕ್ಕೂ ಬೊರ್ಗುಂಡೇ ಮಾದರಿ. ಅಂದರೆ ಮೂರು ಸಾಕ್ಷಿಗಳೆಂದು ನಾವು ಎಣಿಸಿದ್ದು ವಾಸ್ತವದಲ್ಲಿ ಒಂದೇ.

ಎಷ್ಟು ಇದ್ದವು, ಎಷ್ಟು ಉಳಿದವು? ಒಂದು ಕಾಲಕ್ಕೆ ಸಾವಿರಕ್ಕೂ ಹೆಚ್ಚು ಇದ್ದವೆಂಬುದು ಅಂದಾಜು. ಈಗ ನಾರ್ವೆಯಲ್ಲಿ 28 ಇವೆ. ಸ್ವೀಡನ್ನಿನ ಹೆಡಾರೆಡ್‌ನಲ್ಲಿ 1500ರ ಸುಮಾರಿನದೊಂದಿದೆ. ನಾರ್ವೆಯ ವಾಂಗ್ ಎಂಬ ಊರಿನದು 1840ರ ದಶಕದಲ್ಲಿ ಮಾರಾಟವಾಗಿ, ಇಂದಿನ ಪೋಲೆಂಡಿನ ಕಾರ್ಪಾಚ್ ಊರಿನಲ್ಲಿ ನಿಂತಿದೆ. ಉಳಿದವನ್ನೆಲ್ಲ ಕೊಳೆತ, ಬೆಂಕಿ ತಿಂದವು ಎಂದುಕೊಂಡಿದ್ದೆ. ಆದರೆ ದೊಡ್ಡ ಪೆಟ್ಟುಗಳಲ್ಲೊಂದು ಬಿದ್ದದ್ದು ಕಾನೂನಿನಿಂದ. ನಾರ್ವೆಯ 1851ರ ಚರ್ಚ್ ಕಾಯಿದೆಯ ಪ್ರಕಾರ ಪ್ರತಿ ಚರ್ಚಿನಲ್ಲೂ ಆ ಪ್ಯಾರಿಷ್‌ನ, ಅಂದರೆ ಆ ಚರ್ಚಿಗೆ ಸೇರಿದ ಪ್ರದೇಶದ, ಹತ್ತರಲ್ಲಿ ಮೂರು ಪಾಲು ಜನರಿಗೆ ಜಾಗ ಇರಬೇಕಿತ್ತು. ಕತ್ತಲೆಯ, ಇಕ್ಕಟ್ಟಾದ ಹಳೆಯ ಚರ್ಚಿನಲ್ಲಿ ಅಷ್ಟು ಜನ ಎಲ್ಲಿ ಹಿಡಿಸಬೇಕು? ಕೆಡವಿದರು. ಬೊರ್ಗುಂಡಿನಲ್ಲಿ ಮಾತ್ರ 1868ರಲ್ಲಿ ಹೊಸ ಚರ್ಚನ್ನು ಪಕ್ಕದಲ್ಲೇ ಕಟ್ಟಿದರು, ಹಳೆಯದನ್ನು 1877ರಲ್ಲಿ ಪುರಾತನ ಸ್ಮಾರಕ ರಕ್ಷಣೆಯ ಸಂಘ ಕೊಂಡುಕೊಂಡಿತು. 1844ರಲ್ಲಿ ಹುಟ್ಟಿದ ಆ ಸಂಘದ ಹಿಂದೆ ಇದ್ದವನು ಚಿತ್ರಕಾರ ಯೋಹಾನ್ ಕ್ರಿಶ್ಚಿಯನ್ ಡಾಲ್. ವಾಂಗ್ ಚರ್ಚು ಸೌದೆಯಾಗದೆ ಪರದೇಶದಲ್ಲಾದರೂ ಉಳಿದದ್ದರಲ್ಲೂ ಅವನ ಕೈ ಇದೆ.

ಡೆನ್ಮಾರ್ಕಿನ ಇಟ್ಟಿಗೆ ಚರ್ಚುಗಳು, ಬೋರ್ನ್‌ಹೋಮ್ ದ್ವೀಪದ ನಾಲ್ಕು ದುಂಡು ಚರ್ಚುಗಳು, ಗಾಟ್ಲೆಂಡ್ ದ್ವೀಪದ ತೊಂಬತ್ತಕ್ಕೂ ಹೆಚ್ಚು ಸುಣ್ಣಕಲ್ಲಿನ ಚರ್ಚುಗಳು ಬೇರೆ ಟಿಪ್ಪಣಿಗೆ ಇರಲಿ. ಮರದಿಂದ ನೇರ ಸುಣ್ಣದ ಗೋಡೆಗೆ ಹೋಗೋಣ.

15ನೇ ಶತಮಾನದಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ಹಳ್ಳಿಯ ಕಲ್ಲಿನ ಚರ್ಚುಗಳಿಗೆ ಇಟ್ಟಿಗೆಯ ಕಮಾನು ಚಾವಣಿಗಳು ಬಂದವು. ಚಿತ್ರಕಾರರಿಗೆ ಒಮ್ಮೆಲೇ ದೊಡ್ಡ ಬಿಳಿ ಹಾಳೆ ಸಿಕ್ಕಂತಾಯಿತು. ಡೇನಿಷ್ ಭಾಷೆಯಲ್ಲಿ ಇವು ಕಲ್ಕ್‌ಮಾಲೆರಿ. ಕಲ್ಕ್ ಎಂದರೆ ಸುಣ್ಣ. ಇಟಲಿಯ ಹಸಿ ಗಾರೆಯ ಚಿತ್ರಗಳೆಂದು ಇವನ್ನು ಬರೆಯಬೇಡಿ, ಬಹುಪಾಲು ಬಿಡಿಸಿದ್ದು ಗಾರೆ ಒಣಗಿದ ಮೇಲೆ ಬಳಿದ ಸುಣ್ಣದ ಮೇಲೆ.

ಸ್ವೀಡನ್ನಿನಲ್ಲಿ ಹೆಸರು ಉಳಿದಿರುವ ಚಿತ್ರಕಾರ ಆಲ್ಬರ್ಟಸ್ ಪಿಕ್ಟರ್. ಪಿಕ್ಟರ್ ಎಂದರೆ ಲ್ಯಾಟಿನ್‌ನಲ್ಲಿ ಚಿತ್ರಕಾರನೆಂದೇ ಅರ್ಥ. ಜರ್ಮನ್ ನಾಡಿನಿಂದ ಬಂದವನು, 1473ರಲ್ಲಿ ಸ್ಟಾಕ್‌ಹೋಮಿನಲ್ಲಿ ನೆಲೆಸಿ ಒಬ್ಬ ಚಿತ್ರಕಾರನ ವಿಧವೆಯನ್ನು ಮದುವೆಯಾದ, ಮುತ್ತು ಪೋಣಿಸಿ ಕಸೂತಿ ಹಾಕುವ ಕಸುಬೂ ಅವನಿಗಿತ್ತು. ಬೈಬಲಿನ ಹಳೆಯ ಒಡಂಬಡಿಕೆಯ ದೃಶ್ಯವನ್ನು ಹೊಸ ಒಡಂಬಡಿಕೆಯದರ ಜೊತೆ ಜೋಡಿಯಾಗಿ ಅಚ್ಚು ಹಾಕಿದ ಚಿತ್ರಪುಸ್ತಕಗಳನ್ನು ಅವನ ಕಾರ್ಯಾಗಾರ ಮಾದರಿಯಾಗಿ ಇಟ್ಟುಕೊಂಡಿತ್ತು. ಹೆರ್ಕೆಬೆರ್ಗಾ ಚರ್ಚಿನ ಚಾವಣಿಯಲ್ಲಿ ಯೋನನೂ ಮೀನೂ ಇರುವುದು ಆ ಲೆಕ್ಕದಲ್ಲಿ. ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದು ಹೊರಬಂದ ಯೋನ, ಸಮಾಧಿಯಿಂದ ಎದ್ದ ಕ್ರಿಸ್ತನ ಮುನ್ಸೂಚನೆ.

ಟೇಬಿ ಚರ್ಚಿನ ಚಿತ್ರವನ್ನು ಮಾತ್ರ ಬಿಡುವಂತಿಲ್ಲ. ಸಾವು ಅಸ್ಥಿಪಂಜರವಾಗಿ ಬಂದು ಒಬ್ಬ ಮನುಷ್ಯನ ಎದುರು ಚದುರಂಗಕ್ಕೆ ಕೂತಿದೆ. ಜೊತೆಗಿನ ಬರಹದ ಅರ್ಥ, ನಿನಗೆ ಮಾತ್ ಕೊಡುತ್ತೇನೆ. ಅಲ್ಲಿರುವ ಸ್ವೀಡಿಷ್ ಪದ ಮಟ್. ನಮ್ಮ ಶಹಮಾತ್‌ನ ಮಾತ್ ಕೂಡ ಅದೇ ಪಾರ್ಸಿ ಬೇರಿನದು. ಲಿಪಿ ಓದಲು ಬಾರದಿದ್ದರೂ ಆ ಒಂದು ಪದವನ್ನು ನಾವು ಕಿವಿಯಿಂದ ಗುರುತಿಸಬಹುದು.

ಜರ್ಮನ್ ಮತಸುಧಾರಕ ಲೂಥರನ ಅನುಯಾಯಿಗಳು ಬಂದವರೇ ಎಲ್ಲ ಚಿತ್ರಗಳಿಗೆ ಸುಣ್ಣ ಬಳಿದರು ಎಂಬ ವಾಕ್ಯ ಹಲವು ಗೈಡುಗಳಲ್ಲಿದೆ. ಡೆನ್ಮಾರ್ಕಿನಲ್ಲಿ ಮತಸುಧಾರಣೆ ಆದದ್ದು 1536ರಲ್ಲಿ. ಅನೇಕ ಚಿತ್ರಗಳು ಆಮೇಲೂ ಬಹುಕಾಲ ಕಣ್ಣೆದುರೇ ಇದ್ದವು. ಮಾಸಿದವು, ಹಳೆಯ ರುಚಿಯವು, ಒಳಗೆ ಬೆಳಕು ಬೇಕು ಎಂಬ ಕಾರಣಗಳಿಗೆ ಮುಂದಿನ ಎರಡು ಶತಮಾನಗಳಲ್ಲಿ ಒಂದೊಂದಾಗಿ ಮುಚ್ಚಿಹೋದವು. ಆ ಸುಣ್ಣದ ಪದರವೇ ಅವಕ್ಕೆ ಹೊದಿಕೆಯಾಯಿತು. 19ನೇ ಶತಮಾನದಲ್ಲಿ ಕೆರೆದು ತೆಗೆದವರು ಮಂಕಾದ ಕಡೆಯಲ್ಲೆಲ್ಲ ಧಾರಾಳವಾಗಿ ತಿದ್ದಿ ಬಣ್ಣ ತುಂಬಿದರು. ಹಾಗಾಗಿ ಗೆರೆ ಅತಿ ಚೊಕ್ಕವಾಗಿ ಕಂಡರೆ ಸಂಶಯಪಡುವುದು ಒಳ್ಳೆಯದು.

ಕೊನೆಗೆ ಬಣ್ಣದ ಒಂದು ವಿಷಯ. ಆಲ್ಬರ್ಟಸ್‌ನ ಎಷ್ಟೋ ಚಿತ್ರಗಳಲ್ಲಿ ಮುಖಗಳು ಕಪ್ಪಾಗಿವೆ, ಸಂತರದ್ದೂ ಸೇರಿ. ಅವು ಸೈತಾನನ ಗಣ ಎಂದು ನಾನು ಒಮ್ಮೆ ಧೈರ್ಯವಾಗಿ ಬರೆದು ಅಂಕ ಕಳೆದುಕೊಂಡಿದ್ದೇನೆ. ಮೈಬಣ್ಣಕ್ಕೆ ಬೆರೆಸಿದ್ದ ಸೀಸದ ಬಣ್ಣ, ನಮ್ಮಲ್ಲಿ ಸಿಂಧೂರ ಎನ್ನುವ ಸೀಸದ ಕೆಂಪಿನಂಥದ್ದು, ಸುಣ್ಣದ ಗೋಡೆಯ ಮೇಲೆ ಗಾಳಿ, ತೇವಕ್ಕೆ ಕಾಲಕ್ರಮೇಣ ಕಪ್ಪಿಗೆ ತಿರುಗುತ್ತದೆ. ಚಿತ್ರ ಬಿಡಿಸಿದ ದಿನ ಆ ಕೆನ್ನೆಗಳು ಕೆಂಪಗಿದ್ದವು.