ಪರ್ತ್‌ಗೆ ಹೊರಟ ಕರಡಿಗಳು: ರಗ್ಬಿ ಲೀಗ್ ಯಾರ ಕೈಯಲ್ಲಿದೆ?

ರಗ್ಬಿಯಿಂದ ಕವಲೊಡೆದ ಆಟ ರಗ್ಬಿ ಲೀಗ್. ಆಸ್ಟ್ರೇಲಿಯಾದಲ್ಲಿ ಅದರ ದೊಡ್ಡ ಟೂರ್ನಿಗೆ 2027ರಲ್ಲಿ 18ನೇ ತಂಡ ಬರಲಿದೆ. ಹೆಸರು ಪರ್ತ್ ಬೇರ್ಸ್. ತಂಡವೇನೋ ಹೊಸದು. ಆದರೆ ಅದರ ಕೆಂಪು-ಕಪ್ಪು ಬಣ್ಣ, ಕರಡಿಯ ಗುರುತು ಎರಡೂ ಹಳೆಯವು. 1908ರಲ್ಲಿ ಸಿಡ್ನಿಯಲ್ಲಿ ಈ ಆಟದ ಮೊದಲ ಟೂರ್ನಿ ನಡೆದಾಗಲೇ ಇದ್ದ ನಾರ್ತ್ ಸಿಡ್ನಿ ಬೇರ್ಸ್ ತಂಡದವು. ಆ ತಂಡ 1999ರ ನಂತರ ದೊಡ್ಡ ಟೂರ್ನಿಯಿಂದ ಮರೆಯಾಯಿತು. ಅದಕ್ಕೂ ಎರಡು ವರ್ಷ ಮೊದಲು ಪರ್ತ್‌ನಲ್ಲಿದ್ದ ತಂಡಕ್ಕೂ ಬೀಗ ಬಿದ್ದಿತ್ತು. ಅಂದು ಬೇಡವಾಗಿದ್ದ ಆ ಊರು, ಆ ಹೆಸರು ಇಂದು ಒಟ್ಟಿಗೆ ವಾಪಸ್ ಬರುತ್ತಿವೆ. ಈ ನಡುವೆ ಏನಾಯ್ತು ಅನ್ನೋದು ತಿಳಿಯಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಈ ಆಟ ಹುಟ್ಟಿದ್ದೇ ಕೂಲಿಯ ಜಗಳದಿಂದ. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದ ಕ್ಲಬ್‌ಗಳು ಸಭೆ ಸೇರಿದವು. ಗಣಿ, ಗಿರಣಿಗಳಲ್ಲಿ ದುಡಿಯುವ ಆಟಗಾರರು ಪಂದ್ಯಕ್ಕೆ ಬಂದರೆ ಆ ಹೊತ್ತಿನ ಕೂಲಿ ಕಳೆದುಕೊಳ್ಳುತ್ತಿದ್ದರು. ಅದನ್ನು ತುಂಬಿಕೊಡೋಣ ಎಂದರೆ ಆಗ ರಗ್ಬಿಯನ್ನು ನಡೆಸುತ್ತಿದ್ದ ರಗ್ಬಿ ಯೂನಿಯನ್‌ನ ದೊಡ್ಡವರು ಒಪ್ಪಲಿಲ್ಲ. ಕ್ಲಬ್‌ಗಳು ಬೇರೆಯಾದವು, ಅವುಗಳ ಆಟವೇ ಮುಂದೆ ರಗ್ಬಿ ಲೀಗ್ ಆಯಿತು. ಇದೇ ಗಾಳಿ 1907ರಲ್ಲಿ ಸಿಡ್ನಿಗೂ ಬೀಸಿತು. ಮರುವರ್ಷ ಒಂಬತ್ತು ಕ್ಲಬ್‌ಗಳ ಟೂರ್ನಿ ಶುರುವಾಯಿತು. ಹೆಚ್ಚಿನವು ಸಿಡ್ನಿಯ ಬಡಾವಣೆಗಳ ತಂಡಗಳು. ಯಾವ ಬಡಾವಣೆಯಲ್ಲಿ ಹುಟ್ಟಿದರೆ ಆ ತಂಡ, ಅಷ್ಟೇ.

ಸಿಡ್ನಿ ದಾಟಿ ಬೆಳೆಯುವ ಆಸೆ ಬಂದದ್ದು 1980ರ ದಶಕದಲ್ಲಿ. 1982ರಲ್ಲಿ ಕ್ಯಾನ್‌ಬೆರಾ, ಇಲ್ಲವಾರಾ ಸೇರಿದವು. 1983ರ ಕೊನೆಗೆ ಸಾಲದಲ್ಲಿದ್ದ ಸಿಡ್ನಿಯ ನ್ಯೂಟೌನ್ ತಂಡ ಹೊರಬಿತ್ತು. ಸಿಡ್ನಿಯದೇ ವೆಸ್ಟರ್ನ್ ಸಬರ್ಬ್ಸ್ ತಂಡಕ್ಕೂ ಹೊರಡಿ ಎಂದರು. ಅದು ಕೋರ್ಟಿಗೆ ಹೋಗಿ ಉಳಿದುಕೊಂಡಿತು. 1988ರಲ್ಲಿ ಬ್ರಿಸ್ಬೇನ್ ಬಂತು. 1995ರ ಹೊತ್ತಿಗೆ ಆಕ್ಲೆಂಡ್, ಪರ್ತ್ ಎಲ್ಲ ಸೇರಿ 20 ತಂಡ. ಪರ್ತ್‌ನ ವೆಸ್ಟರ್ನ್ ರೆಡ್ಸ್‌ಗೆ ಹಾಕಿದ ಷರತ್ತು ನೋಡಿ: ತನ್ನ ಊರಿಗೆ ಆಡಲು ಬರುವ ಎದುರಾಳಿಗಳ ವಿಮಾನದ ಖರ್ಚನ್ನೂ ಅದೇ ಕೊಡಬೇಕು! ದೇಶದ ಇನ್ನೊಂದು ತುದಿಯಲ್ಲಿರುವ ಊರಿಗೆ ಇದು ಸಾಲಕ್ಕೆ ದಾರಿಯಲ್ಲದೆ ಮತ್ತೇನು?

ಅದೇ 1995ರಲ್ಲಿ ಆಸ್ಟ್ರೇಲಿಯಾಕ್ಕೆ ಪೇ ಟಿವಿ, ಅಂದರೆ ಚಂದಾ ಕಟ್ಟಿ ನೋಡುವ ಟಿವಿ ಬಂತು. ಚಂದಾದಾರರನ್ನು ಸೆಳೆಯಲು ರಗ್ಬಿ ಲೀಗ್ ಬೇಕೇ ಬೇಕಿತ್ತು. ಪ್ರಸಾರದ ಹಕ್ಕು ಟಿವಿ ಉದ್ಯಮಿ ಕೆರ್ರಿ ಪ್ಯಾಕರ್ ಕೈಯಲ್ಲಿತ್ತು. ಮಾಧ್ಯಮ ದೊರೆ ರೂಪರ್ಟ್ ಮರ್ಡೋಕ್ ಕಂಪನಿ ಸೂಪರ್ ಲೀಗ್ ಎಂಬ ಬೇರೆ ಟೂರ್ನಿಯನ್ನೇ ಕಟ್ಟಲು ಹೊರಟಿತು. ಆಟಗಾರರನ್ನು ಗುಟ್ಟಾಗಿ ಕರೆದು ಕೈತುಂಬಾ ದುಡ್ಡು ಕೊಟ್ಟು ಸಹಿ ಹಾಕಿಸಿಕೊಂಡರು. ಹಳೆಯ ಲೀಗ್ ಕೂಡ ಸುಮ್ನೆ ಕೂರಲಿಲ್ಲ, ಅದೂ ದುಡ್ಡು ಸುರಿಯಿತು. 1996ರಲ್ಲಿ ಕೋರ್ಟು ಮೊದಲು ಹಳೆಯ ಲೀಗ್ ಪರ ನಿಂತಿತು. ಮೇಲ್ಮನವಿಯಲ್ಲಿ ತೀರ್ಪು ತಿರುಗಿತು. ಹಾಗಾಗಿ 1997ರಲ್ಲಿ ಎರಡು ಟೂರ್ನಿ, 22 ತಂಡ. ನ್ಯೂಕ್ಯಾಸಲ್‌ನಂಥ ಊರಿಗೂ ಎರಡು ತಂಡ: ಹಳೆಯ ಲೀಗ್ ಕಡೆ ನೈಟ್ಸ್, ಸೂಪರ್ ಲೀಗ್ ಕಡೆ ಮ್ಯಾರಿನರ್ಸ್.

ಆ ವರ್ಷದ ಒಂದು ಗಳಿಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನ್ಯೂಕ್ಯಾಸಲ್‌ನ ಉಕ್ಕಿನ ಕಾರ್ಖಾನೆ ಮುಚ್ಚುತ್ತೇವೆ ಎಂದು ಅದರ ಮಾಲೀಕ ಕಂಪನಿ ಬಿಎಚ್‌ಪಿ ಹೇಳಿದ್ದು ಅದೇ ವರ್ಷ. ಹಳೆಯ ಲೀಗ್‌ನ ಫೈನಲ್‌ನಲ್ಲಿ ನೈಟ್ಸ್ ಎದುರು ಸಿಡ್ನಿಯ ಬಲಿಷ್ಠ ತಂಡ ಮ್ಯಾನ್‌ಲಿ. 16-16 ಸಮ. ಇನ್ನು ಕೆಲವೇ ಸೆಕೆಂಡು. ಪಕ್ಕೆಲುಬು ಪೆಟ್ಟಾಗಿದ್ದ ಆಂಡ್ರ್ಯೂ ಜಾನ್ಸ್ ಬದಿಯಿಂದ ನುಗ್ಗಿ ಡ್ಯಾರೆನ್ ಆಲ್ಬರ್ಟ್ ಕೈಗೆ ಚೆಂಡು ಕೊಟ್ಟರು. ಆಲ್ಬರ್ಟ್ ಗೆರೆ ದಾಟಿದರು. 22-16. ಕೆಲಸ ಹೋಗುವ ಭಯದಲ್ಲಿದ್ದ ಊರು ಬೀದಿಗಿಳಿದು ಕುಣಿಯಿತು. ಯಾವ ಟಿವಿ ಕಂಪನಿಗೂ ಇದನ್ನು ಕೊಂಡುಕೊಳ್ಳಲು ಆಗುತ್ತಿರಲಿಲ್ಲ, ಅಲ್ವಾ?

ಡಿಸೆಂಬರ್‌ನಲ್ಲಿ ರಾಜಿಯಾಯಿತು. ಹಳೆಯ ಲೀಗ್, ಮರ್ಡೋಕ್ ಕಂಪನಿ ಇಬ್ಬರೂ ಅರ್ಧರ್ಧ ಪಾಲು ಹಾಕಿ ಇಂದಿನ ಟೂರ್ನಿಯಾದ ಎನ್‌ಆರ್‌ಎಲ್ (ನ್ಯಾಷನಲ್ ರಗ್ಬಿ ಲೀಗ್) ಕಟ್ಟಿದರು. ಷರತ್ತು: 2000ಕ್ಕೆ 14 ತಂಡ ಮಾತ್ರ. ಪರ್ತ್, ಮ್ಯಾರಿನರ್ಸ್ ಆಗಲೇ ಹೋಗಿದ್ದವು. ಅಡಿಲೇಡ್, ಗೋಲ್ಡ್ ಕೋಸ್ಟ್ 1998ರ ಕೊನೆಗೆ ಮುಚ್ಚಿದವು. ಬಾಲ್‌ಮೇನ್ ಮತ್ತು ವೆಸ್ಟರ್ನ್ ಸಬರ್ಬ್ಸ್ ಒಂದಾದವು. ಬೇರ್ಸ್ ಉತ್ತರದ ಗೊಸ್‌ಫರ್ಡ್‌ಗೆ ಹೋಗಿ ಬದುಕುವ ಯೋಚನೆಯಲ್ಲಿತ್ತು. ಮಳೆಯಿಂದ ಅಲ್ಲಿನ ಕ್ರೀಡಾಂಗಣದ ಕೆಲಸ ತಡವಾಯಿತು, ಸಾಲ ಏರಿತು. ಕೊನೆಗೆ ಪಕ್ಕದ ಬದ್ಧವೈರಿ ಮ್ಯಾನ್‌ಲಿಯ ಜೊತೆ ಕೂಡಿಕೆ ಮಾಡಿಕೊಳ್ಳಬೇಕಾಯಿತು. ಆ ಸಂಸಾರ ಮೂರು ವರ್ಷವೂ ನೆಟ್ಟಗೆ ನಡೆಯಲಿಲ್ಲ. ಮ್ಯಾನ್‌ಲಿ ಉಳಿಯಿತು, ಬೇರ್ಸ್ ಎರಡನೇ ದರ್ಜೆಗೆ ಇಳಿಯಿತು.

ಸೌತ್ ಸಿಡ್ನಿ ಮಾತ್ರ ಯಾರ ಜೊತೆಗೂ ಸೇರಲ್ಲ ಎಂದಿತು. 1908ರ ಮೊದಲ ಚಾಂಪಿಯನ್ ಅದು. ಪ್ರೇಕ್ಷಕರೆಷ್ಟು, ಲಾಭವೆಷ್ಟು, ಪ್ರಾಯೋಜಕರೆಷ್ಟು ಎಂದು ಅಳೆದು ಅದನ್ನು ಹೊರಹಾಕಿದರು. 2000ದ ನವೆಂಬರ್‌ನಲ್ಲಿ ಸುಮಾರು 80,000 ಜನ ಕೆಂಪು-ಹಸಿರು ತೊಟ್ಟು ಸಿಡ್ನಿಯ ಬೀದಿಯಲ್ಲಿ ನಡೆದರು. ಕ್ಲಬ್ಬಿನ ಅಧ್ಯಕ್ಷ ಜಾರ್ಜ್ ಪಿಗಿನ್ಸ್ ಕೋರ್ಟು ಬಿಡಲಿಲ್ಲ. 2001ರಲ್ಲಿ ಗೆದ್ದು, 2002ರಲ್ಲಿ ತಂಡ ವಾಪಸ್ ಬಂತು. ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ 2003ರಲ್ಲಿ ತೀರ್ಪನ್ನು ತಿರುಗಿಸಿತು ನಿಜ. ಅಷ್ಟರಲ್ಲಿ ತಂಡ ಆಡುತ್ತಿತ್ತು, ಯಾರೂ ಮತ್ತೆ ಕೈ ಹಾಕಲಿಲ್ಲ. 2014ರಲ್ಲಿ, 43 ವರ್ಷಗಳ ನಂತರ, ಅದು ಚಾಂಪಿಯನ್ ಆಯಿತು.

ಇಲ್ಲಿ ತೊಡಕು ಸರಳವಾಗಿತ್ತು. ಆಟದ ಅರ್ಧ ಮಾಲೀಕ ಮರ್ಡೋಕ್‌ನ ಮಾಧ್ಯಮ ಕಂಪನಿ. ಪ್ರಸಾರದ ಹಕ್ಕು ಕೊಳ್ಳುವವರ ಸಾಲಿನಲ್ಲೂ ಅದರ ನಂಟಿನವರೇ. ಮಾರುವವನೂ ಕೊಳ್ಳುವವನೂ ಒಂದೇ ಮನೆಯವರಾದರೆ ಬೆಲೆ ಹೇಗೆ ಸರಿಯಾಗಿ ಸಿಕ್ಕೀತು? 2012ರ ಫೆಬ್ರವರಿಯಲ್ಲಿ ಆಟವನ್ನು ನಡೆಸಲು ಎಂಟು ಸದಸ್ಯರ ಸ್ವತಂತ್ರ ಆಯೋಗ ಬಂತು. ಜಾನ್ ಗ್ರಾಂಟ್ ಮೊದಲ ಅಧ್ಯಕ್ಷರು. ಕಂಪನಿ ಪಾಲು ಬಿಟ್ಟುಕೊಟ್ಟಿತು. ಅದೇ ಆಗಸ್ಟ್‌ನಲ್ಲಿ ಐದು ವರ್ಷದ ಪ್ರಸಾರ ಒಪ್ಪಂದ 100 ಕೋಟಿ ಡಾಲರ್ ದಾಟಿತು. ನನ್ನ ಪ್ರಕಾರ ಈ ಆಟದ ಆಡಳಿತದಲ್ಲಿ ನಡೆದ ಅತಿ ಮುಖ್ಯ ಬದಲಾವಣೆ ಇದೇ.

ಆಮೇಲೆ ವಿಸ್ತರಣೆ ಹುಷಾರಾಗಿ ನಡೆದಿದೆ. 2023ರಲ್ಲಿ ಡಾಲ್ಫಿನ್ಸ್ ಬಂತು. 1947ರಿಂದ ಬ್ರಿಸ್ಬೇನ್ ಹತ್ತಿರದ ರೆಡ್‌ಕ್ಲಿಫ್‌ನಲ್ಲಿ ಬೇರುಬಿಟ್ಟ ಕ್ಲಬ್ ಅದು. ಮೊದಲ ಪಂದ್ಯದಲ್ಲೇ ಸಿಡ್ನಿ ರೂಸ್ಟರ್ಸ್ ತಂಡವನ್ನು 28-18ರಲ್ಲಿ ಸೋಲಿಸಿತು. 17 ತಂಡವಾದ್ದರಿಂದ ಪ್ರತಿ ಸುತ್ತಿನಲ್ಲೂ ಒಂದಾದರೂ ತಂಡ ಸುಮ್ನೆ ಕೂರಬೇಕು. ಹದಿನೆಂಟಾದರೆ ಒಂದು ಸುತ್ತಿಗೆ ಒಂಬತ್ತು ಪಂದ್ಯ, ಟಿವಿಗೆ ಜಾಸ್ತಿ ಸರಕು. 2028ಕ್ಕೆ ಪಪುವಾ ನ್ಯೂಗಿನಿ ದೇಶದ ತಂಡ ಬರಲಿದೆ. ಅಲ್ಲಿ ಈ ಆಟವೆಂದರೆ ಪ್ರಾಣ. ಅದಕ್ಕೆ ಆಸ್ಟ್ರೇಲಿಯಾ ಸರ್ಕಾರ 10 ವರ್ಷಕ್ಕೆ 60 ಕೋಟಿ ಡಾಲರ್ ಕೊಡುತ್ತಿದೆ. ಪೆಸಿಫಿಕ್‌ನಲ್ಲಿ ಚೀನಾದ ಪ್ರಭಾವ ತಗ್ಗಿಸುವ ಲೆಕ್ಕವೂ ಇದರಲ್ಲಿದೆ. ಟಿವಿ ಕಂಪನಿ ಎದ್ದು ಹೋದ ಕುರ್ಚಿಯ ಹತ್ತಿರ ಈಗ ಸರ್ಕಾರ ಬಂದು ನಿಂತಿದೆ. ಇದು ನನಗೆ ಸ್ವಲ್ಪ ಆತಂಕದ ವಿಷಯವೇ.

ಪರ್ತ್‌ಗೂ ಅಲ್ಲಿನ ರಾಜ್ಯ ಸರ್ಕಾರದ ದುಡ್ಡಿನ ಬೆಂಬಲವಿದೆ. ಕೋಚ್ ಮ್ಯಾಲ್ ಮೆನಿಂಗಾ. ನಾರ್ತ್ ಸಿಡ್ನಿಯ ಹಳೆಯ ಅಭಿಮಾನಿಗಳಿಗೆ ತಮ್ಮ ಕರಡಿಯನ್ನು ನೋಡಲು ಇನ್ನು ದೇಶದ ಆ ತುದಿಗೆ, ಐದು ಗಂಟೆ ವಿಮಾನದಲ್ಲಿ ಹೋಗಬೇಕು. ಬೇರ್ಸ್ ಕೊನೆಯ ಬಾರಿ ಚಾಂಪಿಯನ್ ಆಗಿದ್ದು 1922ರಲ್ಲಿ.